ಅಂಜುವವನ ಧೈರ್ಯ

ಲೋಕದಲ್ಲಿ ಧೈರ್ಯವನ್ನು ಹೊಗಳದವರಿಲ್ಲ, ಅಂಜಿಕೆಯನ್ನು ಹಳಿಯದವರಿಲ್ಲ. ಮಗು ಕತ್ತಲೆಗೆ ಅಂಜಿದರೆ ತಾಯಿ ನಾಚಿಕೊಳ್ಳುತ್ತಾಳೆ. ಹುಡುಗನು ನೀರಿಗೆ ಅಂಜಿದರೆ ಜೊತೆಯವರು ನಗುತ್ತಾರೆ. ಹಿರಿಯನು ಸಭೆಗೆ ಅಂಜಿದರೆ ಅದನ್ನು ತಾನೇ ಬಚ್ಚಿಡುತ್ತಾನೆ. ಆದರೆ ಧೈರ್ಯವೆಂದರೇನು, ಅದು ಹುಟ್ಟಿನಿಂದ ಬರತಕ್ಕದ್ದೋ ಕಲಿತು ಪಡೆಯತಕ್ಕದ್ದೋ, ಕಲಿತು ಪಡೆಯುವುದಾದರೆ ಕಲಿಸುವವನ ಹೊಣೆ ಎಷ್ಟು ಎಂದು ಕೇಳಿದರೆ, ಹೊಗಳುವವರೂ ಹಳಿಯುವವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಈ ಪ್ರಶ್ನೆ ಕೇವಲ ಪಂಡಿತರ ವಾದಕ್ಕೆ ಸೇರಿದ್ದಲ್ಲ. ಮಗನನ್ನು ಈಜಿಗೆ ಇಳಿಸುವ ತಂದೆ, ತಂಗಿಗೆ ಸೈಕಲ್ಲು ಕಲಿಸುವ ಅಣ್ಣ, ಶಿಷ್ಯನನ್ನು ಮೊದಲ ಸಲ ಸಭೆಯ ಮುಂದೆ ನಿಲ್ಲಿಸುವ ಗುರು, ಇವರೆಲ್ಲರೂ ತಿಳಿದೋ ತಿಳಿಯದೆಯೋ ದಿನದಿನವೂ ಇದಕ್ಕೆ ಉತ್ತರ ಹೇಳುತ್ತಲೇ ಇದ್ದಾರೆ. ಆ ಉತ್ತರ ತಪ್ಪಿದರೆ ಕೆಲವೆಡೆ ಮನಸ್ಸು ಮುರಿಯುತ್ತದೆ, ಕೆಲವೆಡೆ ಮೂಳೆಯೇ ಮುರಿಯುತ್ತದೆ.

ಮೂಳೆ ಮುರಿಯುವುದೆಂಬುದು ಅರಸೀಕೆರೆಯ ಸೀಮೆಯವರಿಗೆ ಬರಿಯ ಮಾತಿನ ಅಲಂಕಾರವಲ್ಲ. ಅದು ತೆಂಗಿನ ಸೀಮೆ. ಅಲ್ಲಿಯ ಮನೆಗಳ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗುತ್ತದೆ. ಮಕ್ಕಳ ಓದಿಗೂ ಮದುವೆಗೂ ಬೇಕಾದ ಹಣ ಎಷ್ಟೋ ಮನೆಗಳಲ್ಲಿ ಆ ಅಟ್ಟದಿಂದಲೇ ಇಳಿದುಬರುತ್ತದೆ. ಆದರೆ ಕಾಯಿ ಅಟ್ಟವನ್ನು ಏರುವ ಮೊದಲು ಮರದಿಂದ ಇಳಿಯಬೇಕು. ಐವತ್ತು ಅರುವತ್ತು ಅಡಿಯ, ನಡುವೆ ಕೊಂಬೆಯೊಂದೂ ಇಲ್ಲದ, ಕಂಬದಂಥ ಮರವನ್ನು ಯಾರಾದರೂ ಹತ್ತಬೇಕು. ಹತ್ತಬಲ್ಲವರು ವರುಷ ವರುಷಕ್ಕೂ ಕಡಿಮೆಯಾಗುತ್ತಿದ್ದಾರೆ. ಬಿದ್ದು ಸತ್ತವರ, ಬಿದ್ದು ಹಾಸಿಗೆ ಹಿಡಿದವರ ನೆನಪು ತೆಂಗಿನ ಊರುಗಳಲ್ಲಿ ಅಪರೂಪವಾದುದಲ್ಲ.

ಅಂಥದೊಂದು ತೋಟವನ್ನೂ, ಅಲ್ಲಿ ಮೊದಲ ಸಲ ಮರ ಹತ್ತಲು ನಿಂತ ಹುಡುಗನನ್ನೂ ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ವಯಸ್ಸು ಹದಿನೆಂಟು. ಕಲಿಸುವವನು ಸೋದರಮಾವ. ಕಾಲಿಗೆ ಹಗ್ಗದ ಬಳೆ ತೊಡಿಸಿಯಾಗಿದೆ. ಹುಡುಗನು ಎರಡಾಳೆತ್ತರ ಏರಿ, ಕೆಳಗೆ ನೋಡಿ, ಅಲ್ಲಿಯೇ ಮರವನ್ನು ತಬ್ಬಿಕೊಂಡುಬಿಡುತ್ತಾನೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬದುವಿನ ಮೇಲೆ ಕುಳಿತವರು ನಗುತ್ತಾರೆ: ‘ಗಂಡಸೇನೋ ನೀನು?’ ಹಿತೈಷಿಯೊಬ್ಬನು ಕೂಗುತ್ತಾನೆ: ‘ಹೆದರಬೇಡವೋ, ಏನೂ ಆಗುವುದಿಲ್ಲ!’ ಹುಡುಗನ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ, ಕಾಲು ಇನ್ನಷ್ಟು ನಡುಗುತ್ತದೆ. ಆಗ ಸೋದರಮಾವ ಬುಡಕ್ಕೆ ಬಂದು, ತಲೆಯೆತ್ತಿ, ಅವನ ಹೆಸರು ಹಿಡಿದು ಕರೆದು, ‘ಕೈ ಬಿಗಿಹಿಡಿ, ಕಾಲೆರಡನ್ನೂ ಒಂದು ಗೇಣು ಕೆಳಗಿಳಿಸು’ ಎನ್ನುತ್ತಾನೆ. ಹುಡುಗ ಒಂದು ಗೇಣು ಇಳಿಯುತ್ತಾನೆ. ‘ಇನ್ನೊಂದು ಗೇಣು.’ ಹೀಗೆ ಗೇಣು ಗೇಣಾಗಿ ನೆಲ ಸಿಕ್ಕುತ್ತದೆ. ‘ನಾಳೆಯೂ ಇಷ್ಟೇ ಎತ್ತರ’ ಎಂದು ಹೇಳಿ ಸೋದರಮಾವ ತನ್ನ ಕೆಲಸಕ್ಕೆ ಹೋಗುತ್ತಾನೆ. ನಕ್ಕವರು, ಸಮಾಧಾನ ಹೇಳಿದವನು, ಇಳಿಸಿದವನು ಎಂಬ ಈ ಮೂರು ಬಗೆಯವರಲ್ಲಿ ಧೈರ್ಯದ ತತ್ತ್ವವನ್ನು ಬಲ್ಲವರು ಯಾರೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಶಬ್ದಗಳನ್ನು ನೋಡಬೇಕು; ಶಬ್ದಗಳಲ್ಲಿ ಹಿಂದಿನವರ ಅನುಭವ ಅಡಗಿರುತ್ತದೆ. ಧೃತಿಯೆಂಬ ಮಾತಿನ ಧಾತುವಿಗೆ ಹಿಡಿಯುವುದು, ಧರಿಸುವುದು ಎಂದು ಅರ್ಥ. ಭಯವಿಲ್ಲದಿರುವುದು ಧೃತಿಯಲ್ಲ, ಹಿಡಿದದ್ದನ್ನು ಬಿಡದಿರುವುದು ಧೃತಿ. ಎರಡಾಳೆತ್ತರದಲ್ಲಿ ನಡುಗುತ್ತ ನಿಂತ ಹುಡುಗನ ಕೈಯಲ್ಲಿ ಅದು ಆಗಲೇ ಇತ್ತು. ಅಲಂಕಾರಶಾಸ್ತ್ರವೂ ಇದನ್ನೇ ಬೇರೊಂದು ಬಗೆಯಾಗಿ ಹೇಳುತ್ತದೆ. ಭರತಮುನಿಯ ಮತದಲ್ಲಿ ಭಯಾನಕರಸಕ್ಕೆ ಭಯ ಸ್ಥಾಯಿ. ವೀರರಸಕ್ಕೆ ಸ್ಥಾಯಿಯಾದುದು ಉತ್ಸಾಹ. ವೀರನಿಗೆ ‘ನಿರ್ಭಯ’ವೇ ಸ್ಥಾಯಿಯೆಂದು ಶಾಸ್ತ್ರಕಾರರು ಹೇಳಲಿಲ್ಲ. ಒಂದು ಕೆಲಸದ ಕಡೆಗೆ ಮನಸ್ಸು ಮುಂದೆ ಹೋಗುವುದೇ ವೀರನ ಲಕ್ಷಣವೆಂದರು. ಭಯವನ್ನು ಪೂರ್ತಿಯಾಗಿ ಕಳೆದುಕೊಂಡ ಮೇಲೆ ಕೆಲಸಕ್ಕೆ ಕೈಹಾಕುವೆನೆಂದು ಕಾಯುವವನು ಈ ಕಾರಣದಿಂದ ಬಾಗಿಲಲ್ಲದ ಗೋಡೆಯ ಮುಂದೆ ಕಾಯುತ್ತಿದ್ದಾನೆ.

ಇನ್ನು ವಿಶ್ವಾಸ. ‘ಶ್ವಸ್’ ಎಂಬ ಧಾತುವಿಗೆ ಉಸಿರಾಡುವುದೆಂದು ಅರ್ಥ. ವಿಶ್ವಾಸವೂ ಆಶ್ವಾಸವೂ ಆ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಅಂಜಿದವನು ಉಸಿರು ಕಟ್ಟುತ್ತಾನೆ. ನಂಬಿಕೆ ಬಂದವನ ಉಸಿರು ಸಲೀಸಾಗುತ್ತದೆ. ಒಬ್ಬನು ಆಶ್ವಾಸವನ್ನು ಕೊಟ್ಟರೆ ಇನ್ನೊಬ್ಬನಲ್ಲಿ ವಿಶ್ವಾಸ ಹುಟ್ಟುತ್ತದೆ. ಇಂದಿನ ಪುಸ್ತಕಗಳು ಆತ್ಮವಿಶ್ವಾಸವೆಂಬುದನ್ನು ಪ್ರತಿಯೊಬ್ಬನೂ ತನ್ನೊಳಗಿನಿಂದಲೇ ಅಗೆದು ತೆಗೆಯಬೇಕಾದ ನಿಧಿಯೆಂಬಂತೆ ವರ್ಣಿಸುತ್ತವೆ. ಕಲಿಯಲು ತೊಡಗಿದವನ ವಿಷಯದಲ್ಲಿ ಇದು ನಿಜವಲ್ಲ. ಅವನಿಗೆ ಆತ್ಮವಿಶ್ವಾಸ ಮೊದಲು ಸಾಲವಾಗಿ ಬರುತ್ತದೆ. ತನ್ನನ್ನು ನಂಬಲಾರದವನು ಮೊದಲು ಗುರುವನ್ನು ನಂಬುತ್ತಾನೆ. ಗುರು ತನ್ನನ್ನು ನಂಬಿದ್ದಾನೆಂದು ಕಂಡು ಆಮೇಲೆ ತನ್ನನ್ನು ನಂಬುತ್ತಾನೆ. ಕೊಟ್ಟವನ ನಾಣ್ಯ ಖೋಟಾ ಆಗಿದ್ದರೆ ಈ ವ್ಯವಹಾರವೆಲ್ಲ ಕೆಡುತ್ತದೆ. ಈ ಮಾತು ಮುಂದೆ ಮತ್ತೆ ಬರಲಿದೆ.

ಇಲ್ಲಿ ಒಂದು ಆಕ್ಷೇಪವುಂಟು. ಧೈರ್ಯವು ಅಭ್ಯಾಸದಿಂದ ಬರುವುದಾದರೆ, ಇಪ್ಪತ್ತು ವರುಷ ಮರ ಹತ್ತಿ ನುರಿತವನೇ ಮಹಾಧೀರನಲ್ಲವೆ? ಗ್ರೀಕರ ಪ್ಲೇಟೋ ‘ಲಾಖೀಸ್’ ಎಂಬ ಸಂವಾದದಲ್ಲಿ ಈ ಪ್ರಶ್ನೆಯನ್ನು ಬಾವಿಯ ದೃಷ್ಟಾಂತದಿಂದ ಎತ್ತಿದ್ದಾನೆ. ಮುಳುಗುವ ವಿದ್ಯೆಯನ್ನು ಬಲ್ಲವನು ಬಾವಿಗೆ ಇಳಿಯುವುದು ಹೆಚ್ಚಿನ ಧೈರ್ಯವೋ, ಬಲ್ಲದವನು ಇಳಿಯುವುದು ಹೆಚ್ಚಿನ ಧೈರ್ಯವೋ ಎಂದು ಸಾಕ್ರಟೀಸನು ಕೇಳುತ್ತಾನೆ. ಬಲ್ಲದವನದೇ ಹೆಚ್ಚಿನದೆಂದು ಸೇನಾನಿಯಾದ ಲಾಖೀಸನು ಒಪ್ಪುತ್ತಾನೆ. ಆದರೆ ಅಂಥ ಸಾಹಸ ಅವಿವೇಕವೂ ಹೌದೆಂದು ಒಡನೆಯೇ ಸಿಕ್ಕಿಬೀಳುತ್ತಾನೆ. ಸಂವಾದವು ಧೈರ್ಯಕ್ಕೆ ಲಕ್ಷಣ ಹೇಳದೆಯೇ ಮುಗಿಯುತ್ತದೆ.

ಈ ತೊಡಕನ್ನು ಹೀಗೆ ಬಿಡಿಸಬಹುದು. ನುರಿತವನಲ್ಲಿರುವುದು ಬಹುಮಟ್ಟಿಗೆ ಪಾಟವ. ಅವನು ಮರ ಹತ್ತುವುದು ಇತರರು ಮೆಟ್ಟಿಲು ಹತ್ತುವಂತೆ. ಅವನ ಮನಸ್ಸು ಗೊನೆಯ ಮೇಲಿದೆ, ಬೀಳುವ ಯೋಚನೆಯ ಮೇಲಿಲ್ಲ. ಧೈರ್ಯಕ್ಕೆ ಕೆಲಸವಿರುವುದು ಭಯವಿರುವಲ್ಲಿ. ಆ ಭಯ ತುಂಬಿರುವುದು ಹೊಸಬನಲ್ಲಿ. ಆದುದರಿಂದ ಎರಡಾಳೆತ್ತರದಲ್ಲಿ ನಡುಗುವ ಹುಡುಗನು ಒಂದು ಗೇಣು ಸರಿಯಲು ಮಾಡುವ ಧೈರ್ಯದ ವೆಚ್ಚವನ್ನು, ಅರುವತ್ತು ಅಡಿಯ ತುದಿಯಲ್ಲಿ ಕುಳಿತು ಕಾಯಿ ಕೀಳುವವನು ಅಂದು ಮಾಡದೆ ಇರಬಹುದು. ಹೊಸಬನ ಅಂಜಿಕೆಯನ್ನು ಕಂಡು ನಗುವವನು ಧೈರ್ಯವನ್ನೇ ಅದರ ಹುಟ್ಟೂರಿನಲ್ಲಿ ಕಂಡು ನಗುತ್ತಿದ್ದಾನೆ. ಆದರೆ ವಿವೇಕವಿಲ್ಲದ ಸಾಹಸ ಧೈರ್ಯವಲ್ಲವೆಂಬುದೂ ನಿಜ. ಹೊಸಬನಲ್ಲಿ ಧೈರ್ಯವುಂಟು, ವಿವೇಕವಿಲ್ಲ. ನುರಿತವನಲ್ಲಿ ವಿವೇಕವುಂಟು, ಧೈರ್ಯಕ್ಕೆ ಅಷ್ಟು ಕೆಲಸವಿಲ್ಲ. ಇವೆರಡೂ ಕೂಡಿಕೊಳ್ಳುವುದಕ್ಕಾಗಿಯೇ ಲೋಕದಲ್ಲಿ ಗುರುಶಿಷ್ಯರೆಂಬ ಸಂಬಂಧ ಏರ್ಪಟ್ಟಿದೆ.

ಹಾಗಾದರೆ ಭಯವನ್ನು ಏನು ಮಾಡಬೇಕು? ಅದನ್ನು ಅಟ್ಟಿಬಿಡುವುದು ಆಗದ ಮಾತು, ಬೇಡದ ಮಾತೂ ಹೌದು. ಎತ್ತರಕ್ಕೆ ಅಂಜದವನು ಬಹುಕಾಲ ಬಾಳಲಾರ. ಭಯವು ಒಳ್ಳೆಯ ದೂತ. ಅಪಾಯವಿದೆಯೆಂಬ ಸುದ್ದಿಯನ್ನು ತಪ್ಪದೆ ತರುತ್ತದೆ. ಆದರೆ ಅದು ಕೆಟ್ಟ ಮಂತ್ರಿ. ಅಪಾಯದಲ್ಲಿ ಏನು ಮಾಡಬೇಕೆಂದು ಅದು ಹೇಳುವ ಆಲೋಚನೆ ಬಹುಮಟ್ಟಿಗೆ ತಲೆಕೆಳಗಾಗಿರುತ್ತದೆ. ಮರದ ಮೇಲೆ ಭಯವು ‘ತಬ್ಬಿಕೋ’ ಎನ್ನುತ್ತದೆ; ಎದೆಯನ್ನು ಮರಕ್ಕೆ ಒತ್ತಿ ತಬ್ಬಿದವನ ಕಾಲಿಗೆ ಒತ್ತು ಸಿಗದೆ ಜಾರುತ್ತದೆ, ತೋಳನ್ನು ಚಾಚಿ ಮೈಯನ್ನು ಸ್ವಲ್ಪ ದೂರವಿಟ್ಟವನ ಪಾದ ಮರವನ್ನು ಕಚ್ಚಿ ಹಿಡಿಯುತ್ತದೆ. ನೀರಿನಲ್ಲಿ ಭಯವು ‘ತಲೆ ಮೇಲೆತ್ತು’ ಎನ್ನುತ್ತದೆ; ತಲೆಯೆತ್ತಿದವನ ಕಾಲು ಮುಳುಗುತ್ತದೆ, ತಲೆಯನ್ನು ನೀರಿಗೊಪ್ಪಿಸಿದವನ ಮೈ ತೇಲುತ್ತದೆ.

ಹಿಮದ ನಾಡಿನಲ್ಲಿಯೂ ಇದೇ ನಿಯಮ. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಎಂಬ ವಿದ್ಯೆಯೊಂದುಂಟು. ಹಾಸನದ ಸೀಮೆಗೆ ಅದು ದೂರದ ಮಾತಾದರೂ ಕನ್ನಡನಾಡಿಗೆ ತೀರ ಅಪರಿಚಿತವಲ್ಲ. 1948ರ ಡಿಸೆಂಬರಿನಲ್ಲಿ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಭಾರತದ ಸೈನ್ಯವು ಸ್ಕೀ ಶಾಲೆಯೊಂದನ್ನು ತೆರೆದಾಗ, ಆ ಶಾಲೆ ಸೇರಿದ್ದ 19ನೆಯ ಪದಾತಿ ವಿಭಾಗದ ದಳಪತಿಯಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಕೊಡಗಿನವರೇ ಆದ ತೆಕ್ಕಡ ಭವಾನಿ ನಂಜುಂಡ ಎಂಬವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಸ್ಕೀ ಓಟದ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದರು. ಹಿಮವನ್ನೇ ಕಾಣದ ನಾಡಿನಲ್ಲಿ ಹುಟ್ಟಿದವರಿಗೂ ಆ ಇಳಿಜಾರು ಒಲಿದದ್ದುಂಟು. ಅಲ್ಲಿ ಹೊಸಬನನ್ನು ಮೊದಲ ದಿನವೇ ಕಡಿದಾದ ಇಳಿಜಾರಿಗೆ ಒಯ್ಯುವುದಿಲ್ಲ. ಚಪ್ಪಟೆಯಾದ ನೆಲದಲ್ಲಿ ಪಕ್ಕಕ್ಕೆ ಬೀಳುವುದನ್ನೂ ಬಿದ್ದು ಏಳುವುದನ್ನೂ ಕಲಿಸುತ್ತಾರೆ. ಬಳಿಕ ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ವೇಗವನ್ನು ತಡೆದು ನಿಲ್ಲುವುದನ್ನು ಕಲಿಸುತ್ತಾರೆ. ನಿಲ್ಲಬಲ್ಲೆನೆಂಬ ನಂಬಿಕೆ ಬಂದ ಮೇಲೆಯೇ ಜಾರುವ ಪಾಠ. ಇಳಿಜಾರನ್ನು ಕಂಡು ಭಯವು ‘ಹಿಂದಕ್ಕೆ ವಾಲು’ ಎನ್ನುತ್ತದೆ. ಹಿಂದಕ್ಕೆ ವಾಲಿದವನ ಹಲಗೆ ಅವನ ಮಾತನ್ನು ಕೇಳುವುದಿಲ್ಲ. ಕಣಿವೆಯ ಕಡೆಗೆ, ಭಯಪಡುವ ದಿಕ್ಕಿಗೇ, ಮೈಯನ್ನು ಸ್ವಲ್ಪ ಬಾಗಿಸಿದವನಿಗೆ ಹಲಗೆ ವಶವಾಗುತ್ತದೆ.

ಮರ, ನೀರು, ಹಿಮ ಮೂರರಲ್ಲಿಯೂ ಕಂಡುಬರುವುದು ಒಂದೇ ತತ್ತ್ವ. ಭಯ ತಂದ ಸುದ್ದಿಯನ್ನು ಕೇಳಬೇಕು, ಅದರ ಆಲೋಚನೆಯನ್ನು ಕೇಳಬಾರದು. ಆದರೆ ಹೊಸಬನ ಕಿವಿಗೆ ಭಯದ ಮಾತೊಂದೇ ದೊಡ್ಡದಾಗಿ ಕೇಳಿಸುತ್ತಿರುತ್ತದೆ. ಅದನ್ನು ಮೀರಿ ಕೇಳಿಸುವ ಇನ್ನೊಂದು ದನಿ ಹೊರಗಿನಿಂದ ಬರಬೇಕು. ಆ ದನಿ ಎಂಥದ್ದಾಗಿರಬೇಕೆಂಬುದಕ್ಕೆ ಬೇಲೂರಿನ ಬಾಗಿಲಲ್ಲಿಯೇ ಉತ್ತರವಿದೆ.

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮುಂದೆ, ಬಾಗಿಲ ಎಡಬಲಗಳಲ್ಲಿ, ಮೃಗದೊಡನೆ ಹೋರುವ ಸಳನ ವಿಗ್ರಹಗಳಿವೆ. ಕಥೆ ಎಲ್ಲರಿಗೂ ತಿಳಿದದ್ದೇ. ಇಂದು ಅಂಗಡಿಯೆನಿಸಿಕೊಳ್ಳುವ ಸೊಸೆವೂರಿನಲ್ಲಿ ಸುದತ್ತನೆಂಬ ಜೈನಮುನಿಯ ಬಳಿ ಸಳನು ಇದ್ದಾಗ ಹುಲಿಯೊಂದು ಮೇಲೆ ಬಿತ್ತು, ಮುನಿಯು ಕೈಯಲ್ಲಿದ್ದ ಕೋಲನ್ನು ಕೊಟ್ಟು ‘ಹೊಯ್, ಸಳ’ ಎಂದನು, ಸಳನು ಹೊಯ್ದನು, ಮನೆತನಕ್ಕೆ ಹೊಯ್ಸಳವೆಂಬ ಹೆಸರಾಯಿತು. ಚರಿತ್ರಕಾರರು ಇದನ್ನು ಐತಿಹ್ಯವೆಂದು ಎಣಿಸುತ್ತಾರೆ. ಐತಿಹ್ಯವಾದರೂ ಅದರಲ್ಲಿ ಗುರುಧರ್ಮದ ಪಾಠವೊಂದುಂಟು. ಮುನಿಯು ‘ಹೆದರಬೇಡ’ ಎನ್ನಲಿಲ್ಲ. ‘ಹುಲಿ ಏನೂ ಮಾಡುವುದಿಲ್ಲ’ ಎಂದು ಸುಳ್ಳು ಹೇಳಲಿಲ್ಲ. ‘ನೀನು ಮಹಾವೀರ’ ಎಂದು ಉಬ್ಬಿಸಲೂ ಇಲ್ಲ. ಆಡಿದುದು ಎರಡೇ ಮಾತು. ಒಂದು ಕೆಲಸ, ಒಂದು ಹೆಸರು. ಹೆಸರು ಹಿಡಿದು ಕರೆದಾಗ ದಿಗಿಲಿನಲ್ಲಿ ಚದುರಿದ ಮನಸ್ಸು ತನ್ನ ಕಡೆಗೆ ತಿರುಗುತ್ತದೆ. ಒಂದು ಕೆಲಸವನ್ನು ಹೇಳಿದಾಗ ತಿರುಗಿದ ಮನಸ್ಸಿಗೆ ನಿಲ್ಲಲು ನೆಲೆ ಸಿಕ್ಕುತ್ತದೆ. ಜೊತೆಗೆ ಕೈಗೆ ಸಾಧನವನ್ನೂ ಕೊಟ್ಟನು. ಎಲ್ಲಕ್ಕಿಂತ ಮಿಗಿಲಾಗಿ, ಹುಲಿ ಶಿಷ್ಯನ ಮೇಲೆ ಬಿದ್ದಾಗ ಗುರುವು ಸುರಕ್ಷಿತವಾದ ದಡದಲ್ಲಿ ನಿಂತು ಕೂಗುತ್ತಿರಲಿಲ್ಲ, ಅಪಾಯದೊಳಗೇ ಇದ್ದನು. ತೆಂಗಿನ ಬುಡಕ್ಕೆ ಬಂದು, ಹೆಸರು ಹಿಡಿದು ಕರೆದು, ‘ಒಂದು ಗೇಣು ಇಳಿಸು’ ಎಂದ ಸೋದರಮಾವನು ಆ ಕಥೆಯನ್ನು ಕೇಳಿರಲಿ ಬಿಡಲಿ, ಅದೇ ಪಂಥದವನು.

ಹೊಸಬನಿಗೆ ಕೊಡುವ ಕೆಲಸವು ಅವನ ಅಳತೆಗೆ ತಕ್ಕದ್ದಾಗಿರಬೇಕೆಂಬುದು ಇದರ ಮುಂದಿನ ಮೆಟ್ಟಿಲು. ಕನ್ನಡದ ಮನೆಗಳಲ್ಲಿ ಕುಮಾರವ್ಯಾಸನ ಉತ್ತರಕುಮಾರನನ್ನು ಕೇಳಿ ನಗದವರಾರು? ಅಂತಃಪುರದಲ್ಲಿ ಕೊಚ್ಚಿಕೊಂಡು, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು ಅವನು. ಆದರೆ ನಗುವವರು ಒಂದನ್ನು ಮರೆಯುತ್ತಾರೆ. ಓಡಿದ ಆ ಹುಡುಗನೇ ಅದೇ ದಿನ ಅದೇ ಸೇನೆಯ ನಡುವೆ ರಥವನ್ನು ನಡೆಸಿದನು. ಅವನನ್ನು ಹಿಡಿದು ತಂದ ಅರ್ಜುನನು ‘ಯುದ್ಧ ಮಾಡು’ ಎನ್ನಲಿಲ್ಲ. ‘ಕುದುರೆಗಳನ್ನು ನಡೆಸು, ಬಿಲ್ಲಿನ ಕೆಲಸ ನನಗಿರಲಿ’ ಎಂಬ ಏರ್ಪಾಟು ಮಾಡಿದನು. ಭಯದ ಗಾತ್ರವನ್ನು ತಗ್ಗಿಸಲಾಗದಿದ್ದಲ್ಲಿ ಕೆಲಸದ ಗಾತ್ರವನ್ನು ತಗ್ಗಿಸಿದನು. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕೊಳವೊಂದಿದೆ. ನಾಲ್ಕು ಕಡೆಯಿಂದಲೂ ಮೆಟ್ಟಿಲು ಮೆಟ್ಟಿಲಾಗಿ ನೀರಿಗೆ ಇಳಿಯುವಂತೆ ಅದನ್ನು ಕಟ್ಟಿದ್ದಾರೆ. ಇಂದು ಅದು ಈಜುವ ಸ್ಥಳವಲ್ಲ, ನೋಡುವ ಸ್ಥಳ. ಆದರೂ ನೋಡಿದವನಿಗೆ ಒಂದು ಮಾತು ಹೊಳೆಯದಿರದು. ಆಳವನ್ನು ಕಟ್ಟಿದವರೇ ಆಳಕ್ಕೆ ಇಳಿಯುವ ಕ್ರಮವನ್ನೂ ಕಟ್ಟಿದರು. ಕಲಿಸುವುದೆಂದರೆ ಅಂಥ ಮೆಟ್ಟಿಲುಗಳನ್ನು ಕಡೆದಿಡುವುದು. ಈಜಿಗೆ ಇಳಿಯುವ ಹುಡುಗನ ಬೆನ್ನಿಗೆ ಬೆಂಡನ್ನೋ ಸೋರೆಬುರುಡೆಯನ್ನೋ ಕಟ್ಟುತ್ತಿದ್ದ ಹಿರಿಯರು ಅವನನ್ನು ಹೇಡಿಯೆಂದು ಕಟ್ಟುತ್ತಿರಲಿಲ್ಲ. ಅದೂ ಒಂದು ಮೆಟ್ಟಿಲೆಂದು ಕಟ್ಟುತ್ತಿದ್ದರು.

ಇದೇ ನ್ಯಾಯದಿಂದ ಇನ್ನೊಂದು ಮಾತು ಸಿದ್ಧವಾಗುತ್ತದೆ. ಅಪಾಯವನ್ನೇ ತಗ್ಗಿಸಲು ದಾರಿಯಿರುವಲ್ಲಿ ಧೈರ್ಯವನ್ನು ಬೇಡುವುದು ಅನ್ಯಾಯ. ಮರ ಹತ್ತುವವರು ವಿರಳವಾದುದನ್ನು ಕಂಡು ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬರ್ಥದ ಹೆಸರಿನಿಂದ ತರಬೇತಿಯ ಶಿಬಿರಗಳನ್ನು ಆರಂಭಿಸಿತು. ಮರವನ್ನು ಬಳಸಿ ಬಿಗಿಯುವ ಉಕ್ಕಿನ ಹಗ್ಗ, ಪಾದವಿಡಲು ಪಟ್ಟಿ, ಹೀಗಿರುವ ಏರುಯಂತ್ರದ ಮೇಲೆ ಕೆಲವೇ ದಿನಗಳಲ್ಲಿ ಹೊಸಬರು ಮರ ಹತ್ತಲು ಕಲಿತರು. ಅವರಲ್ಲಿ ಹೆಂಗಸರೂ ಇದ್ದರು. ತಲೆಮಾರುಗಳಿಂದ ಧೈರ್ಯದ ಕೊರತೆಯೆಂದು ಎಣಿಸಿದ್ದರಲ್ಲಿ ಒಂದು ಪಾಲು ಸಾಧನದ ಕೊರತೆಯಾಗಿತ್ತೆಂದು ಇದರಿಂದ ತಿಳಿಯುತ್ತದೆ. ಹಗ್ಗವನ್ನು ಕೊಡದೆ ಎದೆಯನ್ನು ಕೇಳುವ ಯಜಮಾನನು, ತಾನು ಮಾಡಬೇಕಾದ ಖರ್ಚನ್ನು ಕೂಲಿಯವನ ಮೈಯಿಂದ ಕಳೆಯುತ್ತಾನೆ.

ಇನ್ನು ನಗೆಯ ವಿಚಾರ. ನಾಚಿಕೆಯೂ ಗುರುವಲ್ಲವೆ, ಹಾಸ್ಯ ಮಾಡಿದುದರಿಂದಲೇ ಎಷ್ಟೋ ಮಂದಿ ಧೀರರಾದರಲ್ಲವೆ ಎಂದು ಕೆಲವರು ಕೇಳುವುದುಂಟು. ಗೀತೆಯಲ್ಲಿ ಕೃಷ್ಣನೇ ಅರ್ಜುನನನ್ನು ಮೊದಲು ಜರೆದನಲ್ಲಾ ಎಂದು ಪ್ರಮಾಣವನ್ನೂ ತೋರಿಸುವರು. ತೋರಿಸುವವರು ಮುಂದಿನ ಭಾಗವನ್ನೂ ಓದಬೇಕು. ಆ ಜರೆಯುವಿಕೆ ಎರಡನೆಯ ಅಧ್ಯಾಯದ ಮೊದಲಲ್ಲಿ ಎರಡು ಶ್ಲೋಕಗಳಷ್ಟು. ಅದರಿಂದ ಆದ ಫಲವೇನೂ ಇಲ್ಲ. ಅರ್ಜುನನು ಆಮೇಲೂ ಯುದ್ಧ ಮಾಡಲಾರೆನೆಂದೇ ಹೇಳಿ ಸುಮ್ಮನಾದನು. ಫಲ ಕಂಡದ್ದು ಹದಿನೆಂಟು ಅಧ್ಯಾಯಗಳವರೆಗೆ ನಡೆದ, ಒಂದೊಂದು ಸಂಶಯಕ್ಕೂ ಉತ್ತರ ಹೇಳಿದ ಮಾತಿನಿಂದ. ಅಣಕವು ಭಯವನ್ನು ತೆಗೆಯುವುದಿಲ್ಲ. ಒಂದು ಭಯದ ಮೇಲೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಭಯವನ್ನು ಹೇರುತ್ತದೆ. ಹುಡುಗನು ಮರಕ್ಕಿಂತ ಜನಕ್ಕೆ ಹೆಚ್ಚು ಅಂಜತೊಡಗುತ್ತಾನೆ. ಅದರ ಪರಿಣಾಮ ಒಂದು ಮಳೆಯ ದಿನ ಕಾಣುತ್ತದೆ. ನೆನೆದ ಮರ ಪಾಚಿಯಿಂದ ಜಾರುತ್ತದೆಂದು ಬಲ್ಲವರು ಆ ದಿನ ಹತ್ತುವುದಿಲ್ಲ. ಮರಕ್ಕೆ ಅಂಜುವವನು ‘ಇವತ್ತು ಬೇಡ’ ಎನ್ನುತ್ತಾನೆ. ನಗೆಗೆ ಅಂಜುವವನು ಹತ್ತುತ್ತಾನೆ. ಬದುವಿನ ಮೇಲೆ ಕುಳಿತು ‘ಗಂಡಸೇನೋ’ ಎಂದವರಿಗೆ ಅಂದಿನ ಪಾಪದಲ್ಲಿ ಪಾಲಿಲ್ಲವೆಂದು ಹೇಳಬರುವುದಿಲ್ಲ.

ನಗುವವನ ತಪ್ಪು ಸುಲಭವಾಗಿ ಕಾಣುತ್ತದೆ. ಪ್ರೀತಿಯುಳ್ಳವನ ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆದುದರಿಂದ ಅದನ್ನು ಹೆಚ್ಚಾಗಿ ವಿಚಾರಿಸಬೇಕು. ಸೈಕಲ್ಲು ಕಲಿಸುವ ಅಣ್ಣನ ಸಂಗತಿ ಎಲ್ಲ ಊರುಗಳಲ್ಲಿಯೂ ಉಂಟು. ಹಿಂದಿನ ಸೀಟನ್ನು ಹಿಡಿದುಕೊಂಡು ಓಡುತ್ತ, ‘ಹಿಡಿದುಕೊಂಡೇ ಇದ್ದೇನೆ, ತುಳಿ’ ಎನ್ನುತ್ತಾನೆ. ಹೇಳುತ್ತ ಹೇಳುತ್ತಲೇ ಕೈ ಬಿಡುತ್ತಾನೆ. ತಂಗಿ ಹತ್ತು ಮಾರು ಹೋಗಿ ತಿರುಗಿ ನೋಡಿದರೆ ಅಣ್ಣ ಹಿಂದೆಲ್ಲೋ ನಿಂತಿದ್ದಾನೆ. ಈ ಸುಳ್ಳಿನಿಂದ ಸೈಕಲ್ಲು ಕಲಿತವರ ಸಂಖ್ಯೆ ಅಪಾರ. ಫಲ ಒಳ್ಳೆಯದಾದ ಮೇಲೆ ಇದು ದೋಷವೆ? ಹಿತವಾದ ಸುಳ್ಳು ಗುರುವಿಗೆ ಸಲ್ಲುವುದೆ?

ಸಲ್ಲುವುದೆಂಬ ಪಕ್ಷಕ್ಕೆ ಬಲವುಂಟು. ‘ಬಿಡುತ್ತೇನೆ’ ಎಂದು ಮೊದಲೇ ಹೇಳಿದರೆ ತಂಗಿ ತುಳಿಯುವುದನ್ನೇ ನಿಲ್ಲಿಸುವಳು. ರೋಗಿಗೆ ಔಷಧವನ್ನು ಬೆಲ್ಲದಲ್ಲಿ ಅಡಗಿಸಿ ಕೊಡುವುದು ವೈದ್ಯನಿಗೆ ದೋಷವಲ್ಲವಷ್ಟೆ? ಆದರೆ ವೈದ್ಯನು ಕೊಡುವುದು ಔಷಧ. ಬೆಲ್ಲವು ಅದರ ಹೊದಿಕೆ ಮ��ತ್ರ. ಇಲ್ಲಿ ಗುರುವು ಕೊಡುತ್ತಿರುವುದು ವಿಶ್ವಾಸವನ್ನೇ. ವಿಶ್ವಾಸವನ್ನು ಸುಳ್ಳಿನಲ್ಲಿಟ್ಟು ಕೊಡುವುದು ಔಷಧವನ್ನು ವಿಷದಲ್ಲಿ ಅಡಗಿಸಿ ಕೊಟ್ಟಂತೆ. ಆ ದಿನ ತಂಗಿ ಕಲಿತದ್ದು ಎರಡು ಪಾಠ: ತಾನು ಸೈಕಲ್ಲು ಹೊಡೆಯಬಲ್ಲೆನೆಂಬುದೊಂದು, ಅಣ್ಣನ ‘ಹಿಡಿದಿದ್ದೇನೆ’ ಎಂಬ ಮಾತಿಗೆ ಅರ್ಥವಿಲ್ಲವೆಂಬುದೊಂದು. ಸೈಕಲ್ಲಿನಿಂದ ಬಿದ್ದರೆ ಮಂಡಿ ತರಚುವುದಷ್ಟೇ. ಎರಡನೆಯ ಪಾಠವನ್ನು ನಕ್ಕು ಮರೆಯಬಹುದು. ಅದೇ ಮಾತನ್ನು ನೀರಿನಲ್ಲಿ ಆಡಿ ಕೈಬಿಟ್ಟರೆ, ಮುಳುಗಿ ಎದ್ದ ಹುಡುಗನು ಆ ಮೇಲೆ ನೀರನ್ನೂ ನಂಬುವುದಿಲ್ಲ, ಕೈಯನ್ನೂ ನಂಬುವುದಿಲ್ಲ. ಹುಡುಗತನದಲ್ಲಿ ಯಾರೋ ತಮಾಷೆಗೆ ಕೆರೆಗೆ ತಳ್ಳಿದುದರಿಂದ ಮುಪ್ಪಿನವರೆಗೂ ಮೊಣಕಾಲುದ್ದದ ನೀರಿಗೆ ಇಳಿಯದವರು ಎಷ್ಟು ಮಂದಿ ಇಲ್ಲ!

ಹಾಗಾದರೆ ಗುರುವು ಎಂದೂ ಕೈಬಿಡಬಾರದೆ? ಕೈಬಿಡದ ಗುರು ಗುರುವೇ ಅಲ್ಲ; ಎಂದೆಂದಿಗೂ ಹಿಡಿದಿರುವವನು ಶಿಷ್ಯನನ್ನು ಎಂದೆಂದಿಗೂ ಹೊಸಬನನ್ನಾಗಿಯೇ ಇಡುತ್ತಾನೆ. ಕೈಬಿಡುವುದು ದೋಷವಲ್ಲ, ಹಿಡಿದಿದ್ದೇನೆಂದು ಹೇಳಿ ಬಿಡುವುದು ದೋಷ. ‘ಯಾವಾಗಲೋ ಒಂದು ಸಲ ಬಿಡುತ್ತೇನೆ, ಪಕ್ಕದಲ್ಲಿಯೇ ಓಡುತ್ತಿರುತ್ತೇನೆ’ ಎಂದು ಮೊದಲೇ ಒಪ್ಪಂದ ಮಾಡಿಕೊಂಡ ಅಣ್ಣನು ಯಾವ ಗಳಿಗೆಯಲ್ಲಿ ಬಿಟ್ಟರೂ ಅವನ ಮಾತು ಉಳಿಯುತ್ತದೆ. ‘ನೀನು ಬೀಳುವುದಿಲ್ಲ’ ಎಂಬುದು ಯಾರೂ ನಡೆಸಿಕೊಡಲಾಗದ ಭಾಷೆ. ‘ಬಿದ್ದರೆ ನಾನಿದ್ದೇನೆ’ ಎಂಬುದು ನಡೆಸಿಕೊಡಬಹುದಾದ ಭಾಷೆ. ಮೊದಲನೆಯದು ಮೊದಲ ಬೀಳಿನಲ್ಲಿಯೇ ಸುಳ್ಳಾಗುತ್ತದೆ. ಎರಡನೆಯದು ಅದೇ ಬೀಳಿನಲ್ಲಿ ನಿಜವಾಗುತ್ತದೆ. ತೆಂಗಿನ ಮರದಂತೆ ಬಿದ್ದರೆ ಉಳಿಯದ ಕಡೆ, ಆ ಭಾಷೆಯನ್ನು ನಡೆಸಿಕೊಡಬಹುದಾದ ಎತ್ತರದಲ್ಲಿಯೇ ಗುರುವು ಶಿಷ್ಯನನ್ನು ನಿಲ್ಲಿಸಬೇಕು. ಇಳಿಯಲು ಕಲಿಯುವವರೆಗೆ ಏರಲು ಬಿಡಬಾರದು. ‘ನಾಳೆಯೂ ಇಷ್ಟೇ ಎತ್ತರ’ ಎಂದ ಸೋದರಮಾವನ ಮಾತಿನ ಮರ್ಮ ಇದೇ. ಗೀತೆಯ ಕೊನೆಯಲ್ಲಿಯೂ ಕೃಷ್ಣನು ಹೇಳಬೇಕಾದುದನ್ನೆಲ್ಲ ಹೇಳಿ, ಪೂರ್ತಿಯಾಗಿ ವಿಚಾರಿಸಿ ಇಷ್ಟ ಬಂದಂತೆ ಮಾಡೆಂದು ಅರ್ಜುನನಿಗೇ ಬಿಡುತ್ತಾನೆ. ಅದು ಮುಚ್ಚುಮರೆಯಿಲ್ಲದೆ ಕೈಬಿಟ್ಟ ರೀತಿ.

ಬೇಲೂರಿನ ಗುಡಿಯ ಮೇಲ್ಗಡೆಯ ಮದನಿಕೆಗಳನ್ನು ತಲೆಯೆತ್ತಿ ನೋಡುವವರು ಅವುಗಳ ಚೆಲುವನ್ನು ಕಂಡು ಮರುಳಾಗುತ್ತಾರೆ. ಅಲ್ಲಿ ಕೆಲಸ ಮಾಡಿದವರಲ್ಲಿ ಬಳ್ಳಿಗಾವೆಯ ದಾಸೋಜನೆಂಬ ಶಿಲ್ಪಿಯೂ, ಅವನ ಮಗ ಚಾವಣನೂ ಇದ್ದರೆಂದು ಕಲ್ಲಿನ ಮೇಲಿನ ಬರಹಗಳು ಹೇಳುತ್ತವೆ. ಮಗನಾದ ಚಾವಣನಿಗೂ ಉಳಿ ಹಿಡಿದ ಮೊದಲ ದಿನವೊಂದು ಇದ್ದೇ ಇರಬೇಕು; ಕಲ್ಲಿನ ಒಂದು ಚಕ್ಕೆ ಬೇಡದ ಕಡೆ ಸಿಡಿದರೆ ಮತ್ತೆ ಅಂಟಿಸಲಾಗದೆಂಬ ಅಂಜಿಕೆಯೂ ಇದ್ದಿರಬೇಕು. ಆ ದಿನ ತಂದೆ ಏನೆಂದನೋ ಶಾಸನದಲ್ಲಿಲ್ಲ. ಆದರೆ ಮಗನ ವಿಗ್ರಹದ ಕೆಳಗೆ ಮಗನ ಹೆಸರೇ ಇದೆ. ಯಾವುದೋ ಒಂದು ಗಳಿಗೆಯಲ್ಲಿ ತಂದೆಯ ಕೈ ಹಿಂದೆ ಸರಿದಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರ ಹತ್ತಲು ಕಲಿಸುವ ಹಿರಿಯರು ತುದಿ ಮುಟ್ಟಿದವನಿಗೆ ಕಡೆಯದಾಗಿ ಒಂದು ಮಾತು ಹೇಳುತ್ತಾರೆ: ಒಣಗಿದ ಗರಿಯನ್ನು ಹಿಡಿಯಬೇಡ, ಹಸಿರು ಗರಿಯ ಬುಡವನ್ನು ಹಿಡಿ. ಒಣಗರಿ ಕೈಗೆ ಹತ್ತಿರವಾಗಿ ಜೋತುಬಿದ್ದಿರುತ್ತದೆ, ಸುಲಭವಾಗಿ ಸಿಕ್ಕುತ್ತದೆ. ಆದರೆ ಭಾರ ಬಿದ್ದೊಡನೆ ಕಳಚಿಕೊಳ್ಳುತ್ತದೆ. ‘ಏನೂ ಆಗುವುದಿಲ್ಲ’ ಎಂಬ ಸಮಾಧಾನವೂ, ‘ಹಿಡಿದುಕೊಂಡೇ ಇದ್ದೇನೆ’ ಎಂಬ ಸುಳ್ಳೂ, ನಾಲ್ಕು ಜನರ ನಗೆಗೆ ಅಂಜಿ ತಂದುಕೊಂಡ ಹಮ್ಮೂ ಒಣಗರಿಗಳು. ಮಾಡಬೇಕಾದ ಮುಂದಿನ ಒಂದು ಕೆಲಸವೂ, ನಂಬಬಹುದಾದ ಒಂದು ಮಾತೂ ಹಸಿರು ಗರಿಗಳು. ಅಂಜುವವನಿಗೆ ಇವೆರಡು ದೊರೆತರೆ ಅಂಜಿಕೆ ಹೋಗದಿದ್ದರೂ ಚಿಂತೆಯಿಲ್ಲ. ಅಂಜುತ್ತಲೇ ಅವನು ಏರುವನು. ಅದಕ್ಕಿಂತ ಮುಖ್ಯವಾಗಿ, ಕ್ಷೇಮವಾಗಿ ಇಳಿದು ಮನೆಗೆ ಬರುವನು.